ಮಾವನಿಗೆ ಆಗದ ನಕ್ಷತ್ರ

ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೈಸೂರಿನ ನಮ್ಮ ಮನೆಯಲ್ಲಿ ಇದನ್ನು ಯಾರೂ ಗುಟ್ಟು ಮಾಡಿರಲಿಲ್ಲ. ನಕ್ಷತ್ರಶಾಂತಿಯ ಪೂಜೆ ಆಗುವ ತನಕ ಅಪ್ಪ ನನ್ನ ಮುಖ ನೋಡಿರಲಿಲ್ಲವಂತೆ. ಶಾಂತಿಯ ದಿನವೂ ಮೊದಲು ಎಣ್ಣೆ ತುಂಬಿದ ಬಟ್ಟಲಲ್ಲಿ ನನ್ನ ಬಿಂಬ ನೋಡಿ, ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದರಂತೆ. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದರು. ನನ್ನಿಂದ ಅವರಿಗೆ ಏನೂ ಆಗಲಿಲ್ಲ. ಆದರೆ ನನ್ನ ನಕ್ಷತ್ರಕ್ಕೆ ಇನ್ನೊಂದು ಬಾಕಿ ಇತ್ತು. ಮೂಲಾ ನಕ್ಷತ್ರದ ಹುಡುಗಿ ಸೊಸೆಯಾಗಿ ಬಂದರೆ ಮಾವನಿಗೆ ಆಗಿಬರುವುದಿಲ್ಲ, ಅವನು ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಹಾಗಾಗಿ ನನಗೆ ಗಂಡು ಹುಡುಕುವಾಗ ಹುಡುಗನ ಓದು, ಕೆಲಸದ ವಿಚಾರ ಆಮೇಲೆ ಬರುತ್ತಿತ್ತು. ಮೊದಲ ಪ್ರಶ್ನೆ, "ಹುಡುಗನ ತಂದೆ ಇದಾರಾ?" ಇಲ್ಲ, ತೀರಿಕೊಂಡಿದ್ದಾರೆ ಎಂಬ ಉತ್ತರ ಬಂದರೆ ನಮ್ಮ ಮನೆಯಲ್ಲಿ ಎಲ್ಲರ ಮುಖ ಅರಳುತ್ತಿತ್ತು. ಯಾರದೋ ಸಾವಿನ ಸುದ್ದಿಗೆ ನಮ್ಮಮ್ಮ "ಸದ್ಯ!" ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅದರಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ಇಂಗ್ಲೆಂಡಿಗೆ ಬಂದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಾಟಕದ ಹುಚ್ಚೂ ಇತ್ತು. ಲೀಡ್ಸಿನಲ್ಲಿ ಎಂ.ಎ. ಸೀಟು ಸಿಕ್ಕಿತು. ಹೆಡಿಂಗ್ಲೀಯ ಒಂದು ಕಿರಿದಾದ ಸಾಲುಮನೆಯ ಅಟ್ಟದ ಕೋಣೆಯಲ್ಲಿ ಇದ್ದುಕೊಂಡು, ಬಸ್ಸಿನಲ್ಲಿ ಯೂನಿವರ್ಸಿಟಿಗೆ ಹೋಗಿಬರುತ್ತಿದ್ದೆ. ನಾನು ಆರಿಸಿಕೊಂಡದ್ದು ಪ್ರಾಚೀನ ಗ್ರೀಕ್ ನಾಟಕ. ಅದನ್ನೇ ಯಾಕೆ ಆರಿಸಿಕೊಂಡೆ ಎಂದು ಆಗ ಯಾರಾದರೂ ಕೇಳಿದ್ದರೆ ರಂಗಭೂಮಿಯ ಮೂಲ, ಹಾಡಿ ಕುಣಿಯುವ ಮೇಳ, ಮುಖವಾಡ ಅಂತೆಲ್ಲ ಹೇಳುತ್ತಿದ್ದೆನೇನೋ.

ಮೊದಲ ತಿಂಗಳಲ್ಲೇ ಆ ಪ್ರಸಿದ್ಧ ದುರಂತ ನಾಟಕಕ್ಕೆ ಬಂದೆವು. ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ಹುಟ್ಟುವ ಮಗ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಎಂದು ದೇವವಾಣಿ ಆಗುತ್ತದೆ. ಹೆದರಿದ ತಂದೆತಾಯಿ ಕೂಸನ್ನು ಬೆಟ್ಟದಲ್ಲಿ ಬಿಟ್ಟುಬರಲು ಕಳಿಸುತ್ತಾರೆ. ಕೂಸು ಉಳಿದು, ಬೇರೆ ಊರಿನಲ್ಲಿ ಬೆಳೆದು ದೊಡ್ಡದಾಗುತ್ತದೆ. ಅವನಿಗೂ ಅದೇ ದೇವವಾಣಿ ಸಿಗುತ್ತದೆ. ಸಾಕಿದವರನ್ನೇ ಹೆತ್ತವರೆಂದು ತಿಳಿದು, ಅವರನ್ನು ಉಳಿಸಲಿಕ್ಕಾಗಿ ಊರು ಬಿಟ್ಟು ಓಡುತ್ತಾನೆ. ದಾರಿಯಲ್ಲಿ, ಮೂರು ರಸ್ತೆ ಕೂಡುವಲ್ಲಿ, ಜಗಳವಾಗಿ ಒಬ್ಬ ಮುದುಕನನ್ನು ಹೊಡೆದು ಕೊಲ್ಲುತ್ತಾನೆ. ಆ ಮುದುಕನೇ ಅವನ ತಂದೆ. ಅದು ತಿಳಿಯದೆ ಆ ತಂದೆಯ ಊರಿಗೇ ರಾಜನಾಗಿ, ವಿಧವೆ ರಾಣಿಯನ್ನು, ಅಂದರೆ ತನ್ನ ತಾಯಿಯನ್ನೇ, ಮದುವೆಯಾಗುತ್ತಾನೆ.

ನಮ್ಮ ಅಧ್ಯಾಪಕಿ ಎತ್ತರದ, ಮೆಲುಮಾತಿನ ಹೆಂಗಸು. ಅವರು ಬೋರ್ಡಿಗೆ ಒರಗಿ ನಿಂತು ಕೇಳಿದರು, "ಇವನು ಇದನ್ನು ತಪ್ಪಿಸಬಹುದಿತ್ತೇ?"

ತರಗತಿಯಲ್ಲಿ ಚರ್ಚೆ ಬಿಸಿಯಾಯಿತು. ವಿಧಿ ಎಂದವರು ಕೆಲವರು, ಅವನ ಸಿಟ್ಟು ಎಂದವರು ಕೆಲವರು. ಒಬ್ಬ ಹುಡುಗ ಹೇಳಿದ್ದು ನೆನಪಿದೆ. ದೇವರು ಮುಂದಾಗುವುದನ್ನು ಬಲ್ಲ ಎಂದ ಮಾತ್ರಕ್ಕೆ ದೇವರೇ ಮಾಡಿಸಿದ ಎಂದಾಗುವುದಿಲ್ಲ, ಓಡಿದ್ದೂ ಹೊಡೆದದ್ದೂ ರಾಜನೇ ತಾನೇ ಎಂದ. ಎಲ್ಲರೂ ಚಹಾ ಕುಡಿಯುತ್ತ, ಪೆನ್ನು ತಿರುಗಿಸುತ್ತ ಮಾತಾಡುತ್ತಿದ್ದರು. ನನಗೆ ಮಾತ್ರ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಕಾಲು ತಾನಾಗಿಯೇ ಅಲುಗುತ್ತಿತ್ತು. ತರಗತಿ ಮುಗಿಯುವ ಮೊದಲೇ ಎದ್ದು ಹೊರಬಂದೆ. ಬಸ್ಸು ಕಣ್ಣೆದುರಿಗೇ ನಿಂತಿದ್ದರೂ ಹತ್ತದೆ ಹೆಡಿಂಗ್ಲೀ ತನಕ ನಡೆದುಕೊಂಡು ಹೋದೆ. ಆ ವರ್ಷವೆಲ್ಲ ಹಾಗೆಯೇ ನಡೆದೆ. ಓದಲು ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ತೋಚುತ್ತಿರಲಿಲ್ಲ.

ನನ್ನ ಗಂಡನನ್ನು ನಾನು ನೋಡಿದ್ದು ಬರ್ಮಿಂಗ್‌ಹ್ಯಾಮಿನ ಒಂದು ಬಾಡಿಗೆ ಹಾಲಿನಲ್ಲಿ, ಕನ್ನಡದವರು ಸೇರಿ ಮಾಡುತ್ತಿದ್ದ ಯುಗಾದಿಯ ದಿನ. ಅವನು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ಕಂಪನಿಯಲ್ಲಿ ವಿಡಿಯೋ ಗೇಮ್ ಮಾಡುವ ಕೆಲಸ. ಆಟದೊಳಗೆ ಕಥೆ ಹೇಗೆ ಸಾಗಬೇಕು ಎಂದು ಹೆಣೆಯುವುದು ಅವನ ಪಾಲಿಗೆ ಬಂದಿತ್ತು. ಒಮ್ಮೆ ಅದರ ಒಳಗುಟ್ಟು ತೋರಿಸಿದ. ಆಡುವವನು ಎಡಗಡೆಯ ಬಾಗಿಲನ್ನಾದರೂ ತೆರೆಯಬಹುದು, ಬಲಗಡೆಯದನ್ನಾದರೂ ತೆರೆಯಬಹುದು, ಎರಡು ಓಣಿಗಳೂ ಕೊನೆಗೆ ಬಂದು ಸೇರುವುದು ಒಂದೇ ಕೋಣೆಗೆ. "ಆಡುವವರಿಗೆ ಗೊತ್ತೇ ಆಗುವುದಿಲ್ಲ. ತಾವೇ ಆರಿಸಿಕೊಂಡೆವು ಅಂತ ಖುಷಿಯಾಗಿರುತ್ತಾರೆ," ಎಂದು ನಕ್ಕ. ಅವನ ನಗು ನನಗೆ ಇಷ್ಟವಾಯಿತು, ಆ ಮಾತು ಇಷ್ಟವಾಗಲಿಲ್ಲ.

ಮದುವೆಯ ಮಾತು ಬಂದಾಗ ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ ನಮ್ಮಮ್ಮನದೇ. "ನಿನ್ನ ತಂದೆ ಇದ್ದಾರಲ್ಲ?"

"ಇದ್ದಾರೆ. ಯಾಕೆ?"

ಹೇಳಿದೆ. ಅವನಿಗೆ ಮೂಲಾ ಎಂಬ ಶಬ್ದವೇ ಹೊಸದು. ನಕ್ಕುಬಿಟ್ಟ. ನಾನು ನಗಲಿಲ್ಲ. ನಿಮ್ಮ ಮನೆಗೆ ನಾನೇ ಬಂದು ನನ್ನ ಬಾಯಿಂದಲೇ ಇದನ್ನು ಹೇಳುತ್ತೇನೆ, ಆಮೇಲೆ ಉಳಿದದ್ದು ಎಂದೆ.

ಅವರ ಮನೆ ಲೆಮಿಂಗ್ಟನ್ನಿನಲ್ಲೇ, ಅವನ ಫ್ಲ್ಯಾಟಿನಿಂದ ನಡೆದುಹೋಗುವಷ್ಟು ದೂರ. ಅವನ ತಂದೆ ಧಾರವಾಡದ ಕಡೆಯವರು. ಗೇರ್‌ಬಾಕ್ಸ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮುರಿದ ಭಾಗ ಯಾಕೆ ಮುರಿಯಿತು ಎಂದು ಕಂಡುಹಿಡಿಯುವುದು ಅವರ ಕೆಲಸವಾಗಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ನನ್ನನ್ನು ಬರಮಾಡಿಕೊಂಡರು. ಅವನ ತಾಯಿ ಆಸ್ಪತ್ರೆಯ ಒಂದು ವಾರ್ಡಿನ ರಿಸೆಪ್ಶನಿನಲ್ಲಿ ಕೆಲಸ ಮಾಡುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ರೊಟ್ಟಿ, ಎಣಗಾಯಿ ಬಡಿಸುತ್ತಿದ್ದರು. ನಾನು ಇನ್ನೂ ತುತ್ತು ಮುರಿದಿರಲಿಲ್ಲ.

"ನನ್ನದು ಮೂಲಾ ನಕ್ಷತ್ರ. ಮೊದಲೇ ಹೇಳಿಬಿಡೋಣ ಅಂತ ಬಂದೆ," ಎಂದೆ.

ಬಡಿಸುತ್ತಿದ್ದ ಕೈ ಅರೆಗಳಿಗೆ ನಿಂತಿತು. ಅವನ ತಂದೆ ಮಾತ್ರ ಗಟ್ಟಿಯಾಗಿ ನಕ್ಕರು.

"ಹಂಗಾದ್ರ ನಂದು ಇನ್ನ ಎಷ್ಟ ದಿನಾ ಅಂತೀ ಮಗಳ? ಮನೀ ಕೌನ್ಸಿಲ್ ಟ್ಯಾಕ್ಸ್ ವರ್ಷದ್ದ ಕಟ್ಟಲ್ಯೋ, ತಿಂಗಳಾ ತಿಂಗಳಾ ಕಟ್ಟಲ್ಯೋ?"

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಇಲ್ಲವಾ. ನಮ್ಮ ಮನ್ಯಾಗ ಪಂಚಾಂಗ ನೋಡೂ ಪದ್ಧತಿ ಇಲ್ಲ. ಶರಣರ ಹೆಸರ ಹೇಳಿ ಲಿಂಗಾ ಕಟಗೊಂಡ ಮ್ಯಾಲ ನಕ್ಷತ್ರಕ್ಕ ಅಂಜೂದ ಹ್ಯಾಂಗ? ಊಟಾ ಮಾಡು, ರೊಟ್ಟಿ ಆರತಾವ."

ನಾನು ಅವನ ತಾಯಿಯ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ತಟ್ಟೆಗೆ ಇನ್ನೊಂದು ಎಣಗಾಯಿ ಹಾಕಿ ಒಳಗೆ ಹೋದರು.

ಮದುವೆಯಾಯಿತು. ನಾನು ಲೀಡ್ಸಿನಿಂದ ಲೆಮಿಂಗ್ಟನ್ನಿಗೆ ಬಂದೆ. ಹತ್ತಿರದ ಯೂನಿವರ್ಸಿಟಿಯಲ್ಲಿ ಅದೇ ವಿಷಯದ ಮೇಲೆ, ಅಂದರೆ ದುರಂತ ನಾಟಕಗಳಲ್ಲಿ ವಿಧಿ ಮತ್ತು ಮನುಷ್ಯನ ಆಯ್ಕೆ ಎಂಬುದರ ಮೇಲೆ, ಸಂಶೋಧನೆಗೆ ಸೇರಿಕೊಂಡೆ. ಇದರಿಂದ ಹೆಚ್ಚು ಹುರುಪುಗೊಂಡವರು ನಮ್ಮ ಮಾವನವರು. ಲೈಬ್ರರಿಯಿಂದ ಅನುವಾದಗಳನ್ನು ತಂದು ಓದಿ, ನನ್ನನ್ನು ಹೊಳೆಯ ದಂಡೆಯ ಮೇಲೆ ಅಡ್ಡಾಡಲು ಕರೆದುಕೊಂಡು ಹೋಗಿ ವಾದ ಹೂಡುತ್ತಿದ್ದರು.

"ನಿಮ್ಮ ರಾಜಾ ಭಾಳ ಶಾಣ್ಯಾ ಅದಾನ ಅಂತಾರ. ಅಲ್ಲಾ, ಅಪ್ಪನ್ನ ಕೊಲ್ಲತೀ ಅಂತ ಹೇಳ್ಯಾರ ಅಂದ್ರ ಆಂವಾ ಏನ ಮಾಡಬೇಕಿತ್ತು? ವಯಸ್ಸಾದ ಯಾವ ಗಂಡಸಿನ ಮ್ಯಾಲೂ ಕೈ ಎತ್ತಬಾರದಿತ್ತು. ಇಷ್ಟ ಸಾಕಿತ್ತಲ್ಲ!"

"ಆದರೆ ಮಾವ, ಅವನ ಸ್ವಭಾವವೇ ಹಾಗೆ. ಸಿಟ್ಟು ಬಂತು, ಹೊಡೆದ."

"ಅದನ್ನ ನಾ ಹೇಳೂದು. ಗೇರಿನ ಹಲ್ಲ ಮುರದ್ರ ನಾವು ಹಣೆಬರಾ ಅಂತ ಸುಮ್ನ ಕುಂದರತಿರಲಿಲ್ಲ. ಬಿರುಕು ಎಲ್ಲಿ ಶುರು ಆತು ನೋಡತಿದ್ವಿ. ಬಿರುಕು ಮದ್ಲ ಒಳಗ ಇರತೈತಿ, ಕಣ್ಣಿಗೆ ಕಾಣಂಗಿಲ್ಲ. ಭಾರಾ ಬಿದ್ದಾಗ ಹೊರಗ ಬರತೈತಿ. ಲೋಹದ್ದ ತಪ್ಪೋ, ಭಾರದ್ದ ತಪ್ಪೋ? ಎರಡೂ ಕೂಡೇ ಮುರೀತೈತಿ."

ಆ ತಿರುಗಾಟಗಳು ನನಗೆ ಬಹಳ ಹಿಡಿಸಿದ್ದವು. ಆದರೆ ನಿಧಾನವಾಗಿ ಅವು ಕಡಿಮೆಯಾದವು. ನಾನು ಹೋದಾಗಲೆಲ್ಲ ಮಾವನವರಿಗೆ ಏನಾದರೊಂದು ಕೆಲಸ ಹತ್ತಿರುತ್ತಿತ್ತು. ಅಂಗಡಿಯಿಂದ ಕೊತ್ತಂಬರಿ ಬೇಕು, ಜಿಪಿ ಡಾಕ್ಟರ ಹತ್ತಿರ ಗುಳಿಗೆಯ ಚೀಟಿ ತರಬೇಕು, ಪಕ್ಕದ ಮನೆಯವರ ಬೇಲಿ ನೋಡಬೇಕು. ಎಲ್ಲವೂ ಅತ್ತೆಯವರು ಹೇಳಿದ ಕೆಲಸಗಳು. ನಾವಿಬ್ಬರೇ ಒಂದು ಕೋಣೆಯಲ್ಲಿದ್ದರೆ ಅತ್ತೆ ಅಲ್ಲಿಗೆ ಬಂದು ಇಲ್ಲದ ಧೂಳು ಒರೆಸುತ್ತಿದ್ದರು. ನಾನು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡ ದಿನ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. "ನಡೀ, ಒಂದ ಸುತ್ತ ಹಾಕೂಣು" ಎಂದು ಕೋಟು ತೊಟ್ಟರು. ಅತ್ತೆ ಒಳಗಿನಿಂದ ಬಂದು ಕೋಟಿನ ತೋಳು ಹಿಡಿದುಕೊಂಡರು.

"ಬ್ಯಾಡ. ಹೊರಗ ಥಂಡಿ ಐತಿ."

"ಕಾರಿನ್ಯಾಗ ಎಲ್ಲೀ ಥಂಡಿ?"

"ಬ್ಯಾಡ ಅಂದ್ರ ಬ್ಯಾಡ್ರಿ."

ಮಾವ ನನ್ನ ಕಡೆ ನೋಡಿ, ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಅಂದು ನನಗೆ ಎಲ್ಲವೂ ಸ್ಪಷ್ಟವಾಯಿತು. ಸಿಟ್ಟು ಬಂತು. ಮನೆಗೆ ಹೋಗಿ ಗಂಡನ ಹತ್ತಿರ ಹಾರಾಡಿದೆ. ಅಮ್ಮ ಸ್ವಲ್ಪ ಹಳೆಯ ಕಾಲದವಳು, ಬಿಟ್ಟುಬಿಡು ಎಂದ. ಬಿಡುವುದು ಹೇಗೆ? ಅತ್ತೆಯ ಭಯ ನನಗೂ ಅಂಟಿಕೊಳ್ಳುತ್ತಿತ್ತು. ನಾನು ನಂಬುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ. ಆದರೆ ಮಾವ ಕೆಮ್ಮಿದರೆ ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದೆ. ಮೆಟ್ಟಿಲು ಹತ್ತುವಾಗ ಅವರು ನಿಂತರೆ ನಾನೂ ಕೆಳಗೆ ನಿಂತು ನೋಡುತ್ತಿದ್ದೆ. ಫೋನು ಬಂದರೆ ಮೊದಲು ಅವರದೇ ಸುದ್ದಿ ಎಂದುಕೊಳ್ಳುತ್ತಿದ್ದೆ, ಆಮೇಲೆ ಯಾರದೆಂದು ನೋಡುತ್ತಿದ್ದೆ. ಹಗಲು ಟೇಬಲ್ಲಿನ ಮುಂದೆ ಕುಳಿತು, ದೇವವಾಣಿಗೆ ಹೆದರಿ ಓಡುವವರು ಅದರ ಬಾಯಿಗೇ ಹೋಗಿ ಬೀಳುವುದು ಹೇಗೆ ಎಂದು ಬರೆಯುತ್ತಿದ್ದೆ. ಸಂಜೆ ಅತ್ತೆಮಾವನ ಮನೆಗೆ ಹೋಗುವ ದಾರಿಯಲ್ಲಿ, ಇವತ್ತು ಹೋಗದಿದ್ದರೇ ಒಳ್ಳೆಯದೇನೋ ಎಂದು ಅರ್ಧಕ್ಕೆ ನಿಂತು, ಮತ್ತೆ ಹೋಗುತ್ತಿದ್ದೆ.

ಹೀಗಿರುವಾಗ ಲೀಡ್ಸಿನ ನನ್ನ ಹಳೆಯ ವಿಭಾಗದವರು ಅದೇ ನಾಟಕವನ್ನು ಆಡಲು ಹೊರಟರು. ಮೇಳದ ಚಲನೆಗಳಿಗೆ ನಮ್ಮ ಕಡೆಯ ಕುಣಿತಗಳಿಂದ ಏನಾದರೂ ಹೊಂದಿಸಿಕೊಡಲು ಆಗುತ್ತದೆಯೇ ಎಂದು ಅಧ್ಯಾಪಕಿ ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಪ್ರದರ್ಶನ ಒಂದು ಶನಿವಾರ ಮಧ್ಯಾಹ್ನ. ಮಾವನವರು ವಾರದ ಮುಂಚೆಯೇ ಶರ್ಟು ಇಸ್ತ್ರಿ ಮಾಡಿಟ್ಟುಕೊಂಡಿದ್ದರು.

"ಎಲ್ಲರೂ ಒಂದ ಕಾರಿನ್ಯಾಗ ಹೋಗೂಣು," ಎಂದರು.

ಅತ್ತೆ ಒಪ್ಪಲಿಲ್ಲ. "ನೀವಿಬ್ಬರೂ ಸಾಮಾನ ತಗೊಂಡ ಕಾರಿನ್ಯಾಗ ಹೋಗ್ರಿ. ನಾವು ಹಿಂದಿಂದ ಟ್ರೇನಿನ್ಯಾಗ ಬರತೇವಿ."

ಕಾರಿನ ಹಿಂದಿನ ಸೀಟು ಖಾಲಿಯೇ ಇತ್ತು. ಮುಖವಾಡಗಳ ಡಬ್ಬಿಗಳು ಡಿಕ್ಕಿಯಲ್ಲಿ ಹಿಡಿಯುವಷ್ಟೇ ಇದ್ದವು. ಅಂದು ಬೆಳಿಗ್ಗೆ ವಾರ್ಡಿನಲ್ಲಿ ಯಾರೋ ರಜೆ ಹಾಕಿ, ಪಾಳಿಯ ರೋಟಾ ಬದಲಾಗಿ, ಅತ್ತೆ ಕೆಲಸಕ್ಕೆ ಹೋಗಬೇಕಾಯಿತು. ಹೋಗುವಾಗ, ನೀವೂ ಹೋಗಬ್ಯಾಡ್ರಿ, ಮುಂದ ಯಾವಾಗರೆ ನೋಡೂಣು ಎಂದು ಮಾವನಿಗೆ ಹೇಳಿ ಹೋದರಂತೆ. ಮಾವ ಹೂಂ ಎಂದು ಅವರನ್ನು ಕಳಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಬ್ಬರೇ ಹೊರಟರು. ನಮಗೆ ಫೋನಿನಲ್ಲಿ ಹೇಳಿದರು, "ಸೀಟು ಹಿಡದ ಇಡ್ರಿ. ಮುಂದಿಂದ ಇರಲಿ, ಕಿವಿ ಸ್ವಲ್ಪ ಮಂದ."

ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟಿನಲ್ಲಿ ಗಾಡಿ ಬದಲಿಸಬೇಕು. ಪ್ಲ್ಯಾಟ್‌ಫಾರ್ಮಿನಿಂದ ಮೇಲೆ ಹತ್ತಿ ಬಂದು, ಜನರ ನಡುವೆ ಬೋರ್ಡು ನೋಡುತ್ತ ನಿಂತಲ್ಲೇ ಮಾವ ಕುಸಿದರು.

ಲೀಡ್ಸಿನಲ್ಲಿ ನಾವು ಡಬ್ಬಿಗಳನ್ನು ಇಳಿಸುತ್ತಿದ್ದಾಗ ಗಂಡನಿಗೆ ಫೋನು ಬಂತು. ಅವನು ಕೇಳಿಸಿಕೊಳ್ಳುತ್ತ ನಿಂತ. ಕೈಯಲ್ಲಿದ್ದ ರಾಜನ ಮುಖವಾಡವನ್ನು ಎಲ್ಲಿಡುವುದೆಂದು ತಿಳಿಯದೆ ನನ್ನ ಕೈಗೆ ಕೊಟ್ಟ. "ಡ್ಯಾಡ್" ಎಂದ, ಅಷ್ಟೇ. ನಾನು ಆ ಮುಖವಾಡವನ್ನು ಯಾರ ಕೈಗೆ ಕೊಟ್ಟೆ, ಅಧ್ಯಾಪಕಿಗೆ ಏನು ಹೇಳಿದೆ ಎಂಬುದು ನೆನಪಿಲ್ಲ. ಆಮೇಲೆ ನೆನಪಿರುವುದು, ಮೋಟರ್‌ವೇ ಮೇಲಿದ್ದೆವು. ಅವನೇ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು ಆದದ್ದನ್ನು ಮನಸ್ಸಿನಲ್ಲೇ ಎಳೆ ಎಳೆಯಾಗಿ ಬಿಚ್ಚುತ್ತಿದ್ದೆ. ನಾನು ಮೇಳಕ್ಕೆ ಒಪ್ಪಿಕೊಳ್ಳದಿದ್ದರೆ ನಾಟಕವಿಲ್ಲ. ಅತ್ತೆ ಕಾರು ಬೇಡ ಎನ್ನದಿದ್ದರೆ ಟ್ರೇನಿಲ್ಲ. ರೋಟಾ ಬದಲಾಗದಿದ್ದರೆ ಒಬ್ಬರೇ ಬರುತ್ತಿರಲಿಲ್ಲ. ನಾನು ಅಂದು ಊಟಕ್ಕೆ ಕುಳಿತು, ನನ್ನದು ಮೂಲಾ ಎಂದು ಬಾಯಿ ಬಿಡದಿದ್ದರೆ? ಯಾವ ಎಳೆ ಎಳೆದರೂ ಇನ್ನೊಂದು ಬರುತ್ತಿತ್ತು.

"ನಮ್ಮ ಜೊತೆ ಇದ್ದಿದ್ದರೆ," ಎಂದು ಗಂಡ ಶುರುಮಾಡಿ ನಿಲ್ಲಿಸಿದ. ಲಾರಿಯೊಂದನ್ನು ದಾಟಿ ಮತ್ತೆ ಇಂಗ್ಲಿಷಿನಲ್ಲಿ ಹೇಳಿದ, "ನಮ್ಮ ಜೊತೆ ಇದ್ದಿದ್ದರೆ ಈ ರಸ್ತೆಯ ಮೇಲೆ ಆಗುತ್ತಿತ್ತು. ಯಾರಿರುತ್ತಿದ್ದರು ಇಲ್ಲಿ?"

ಸ್ಟೇಷನ್ನಿನಲ್ಲಿ ಜನ ಇದ್ದರು. ಯಾರೋ ಒಬ್ಬ ಹೆಂಗಸು ತನ್ನ ಸೂಟ್‌ಕೇಸ್ ಬಿಟ್ಟು ಮೊಳಕಾಲೂರಿ ಮಾವನವರ ಎದೆ ಒತ್ತಿದಳಂತೆ. ಗೋಡೆಗೆ ಹಾಕಿದ್ದ, ಎದೆಗೆ ಶಾಕ್ ಕೊಡುವ ಯಂತ್ರವನ್ನು ಇನ್ನೊಬ್ಬರು ತಂದರಂತೆ. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಉಸಿರು ಮರಳಿತ್ತು. ಆ ಹೆಂಗಸು ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ತನ್ನ ಗಾಡಿ ಹಿಡಿದು ಹೋಗಿಬಿಟ್ಟಿದ್ದಳು.

ನಾವು ಆಸ್ಪತ್ರೆ ಮುಟ್ಟಿದಾಗ ಸ್ಟೆಂಟ್ ಹಾಕಿ ಆಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನವಳು, ದಣಿದಿದ್ದಳು. ರಕ್ತನಾಳದ ಈ ಅಡಚಣೆ ವರ್ಷಗಳಿಂದ ಬೆಳೆದದ್ದು, ಇವತ್ತಲ್ಲದಿದ್ದರೆ ಇನ್ನೊಂದು ದಿನ ಆಗುತ್ತಿತ್ತು ಎಂದಳು. ಇವತ್ತೇ ಯಾಕೆ ಎಂದು ನಾನು ಕೇಳಿದೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ ಎಂದು ಹೇಳಿ, ಮುಂದಿನ ರೋಗಿಯ ಕಡೆ ನಡೆದಳು.

ಕಾರಿಡಾರಿನ ಕೊನೆಯಲ್ಲಿ ಅತ್ತೆ ಒಬ್ಬರೇ ಕುಳಿತಿದ್ದರು. ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಕೊರಳಲ್ಲಿ ಬ್ಯಾಡ್ಜ್ ಇನ್ನೂ ತೂಗುತ್ತಿತ್ತು. ಗಂಡ ಒಳಗೆ ತಂದೆಯನ್ನು ನೋಡಲು ಹೋದ. ನನಗೆ ಅತ್ತೆಯ ಮೇಲೆ ತುಂಬಿಟ್ಟುಕೊಂಡಿದ್ದ ಮಾತೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ನನ್ನ ಕಾರಲ್ಲಿ ಬೇಡ ಅಂದ್ರಿ. ನನ್ನ ಜೊತೆ ನಡೆಯೋದೂ ಬೇಡ ಅಂದ್ರಿ. ಈಗ ಏನಾಯ್ತು ನೋಡಿ ಅತ್ತೆ. ನನ್ನಿಂದ ದೂರ ಇಟ್ಟು ಅವರನ್ನ ಉಳಿಸಿದ್ರಾ?"

ಅತ್ತೆ ಸಿಟ್ಟಾಗಲಿಲ್ಲ. ಪಕ್ಕದ ಕುರ್ಚಿ ತಟ್ಟಿದರು.

"ಕುಂದರು. ಅವರನ್ನ ಉಳಸಾಕ ಅಂತ ಯಾರ ಹೇಳಿದ್ರು ನಿನಗ?"

ನಾನು ನಿಂತೇ ಇದ್ದೆ.

"ನಂದು ಆಶ್ಲೇಷಾ," ಎಂದರು. "ತಿಳೀತಿಲ್ಲೋ?"

ತಿಳಿಯಿತು. ಮೂಲಾ ಮಾವನಿಗೆ ಆಗದಂತೆ, ಆಶ್ಲೇಷಾ ನಕ್ಷತ್ರದ ಹುಡುಗಿ ಅತ್ತೆಗೆ ಆಗುವುದಿಲ್ಲ ಎನ್ನುತ್ತಾರೆ.

"ಇವರ ಮನ್ಯಾಗ ಜಾತಕಾ ನೋಡಲಿಲ್ಲ, ಮದುವಿ ಆತು. ವರ್ಷ ತುಂಬೂದರಾಗ ನಮ್ಮತ್ತಿ ಹ್ವಾದ್ರು. ಕಾಮಣಿ ಆಗಿತ್ತು, ಮೈಯೆಲ್ಲಾ ಹಳದಿ. ಡಾಕ್ಟರ್ ಕಾಮಣಿ ಅಂದ್ರು, ಮಂದಿ ನನ್ನ ಅಂದ್ರು. ನಮ್ಮ ತವರಮನಿ ಕಡ್ಯಾವ್ರ ಯಾರೋ ನಕ್ಷತ್ರ ಬಾಯಿಬಿಟ್ಟಿದ್ರು. ಮಣ್ಣಿಗೆ ಬಂದಾವ್ರು ಹೆಣದ ಮಾರಿ ನೋಡಲಿಲ್ಲ, ನನ್ನ ಮಾರಿ ನೋಡಿದ್ರು. ಬಾವಿಗೆ ನೀರಿಗೆ ಹ್ವಾದ್ರ ಮಾತ ನಿಲ್ಲತಿದ್ವು. ಹೊಸಾ ಮದುವಿಯಾದ ಹುಡಿಗ್ಯಾರನ್ನ ನನ್ನ ಬಾಜೂಕ ಕುಂದರಸತಿರಲಿಲ್ಲ. ನಿಮ್ಮ ಮಾವಾರು ಈ ದೇಶಕ್ಕ ಬಂದದ್ದ ಗೇರ್‌ಬಾಕ್ಸ್ ಸಲುವಾಗಿ ಅಂತ ತಿಳದೀ ಏನು? ನನ್ನ ಆ ಊರಿಂದ ಬಿಡಿಸಿಕೊಂಡ ಬಂದ್ರು."

ಟ್ರಾಲಿಯೊಂದು ಹಾದುಹೋಗಲೆಂದು ಕಾಲು ಒಳಗೆಳೆದುಕೊಂಡರು.

"ನೀ ಬಂದು ಮೂಲಾ ಅಂದಿ. ಇವರದು ವಯಸ್ಸಾತು, ಬಿಪಿ ಐತಿ. ಒಂದ ದಿನಾ ಹೋಗೂ ಜೀವನ. ನಿನ್ನ ಕಾರಿನ್ಯಾಗ ಏನರೆ ಆತು, ನೀ ಒಬ್ಬಾಕಿನ ಇದ್ದಾಗ ಏನರೆ ಆತು ಅಂದ್ರ, ಆ ಮಾತು ನಿನ್ನ ಕೊರಳಿಗೆ ಬೀಳತಿತ್ತು. ಊರಿಂದ ಫೋನ್ ಮಾಡಾವ್ರು ಬಿಡತಿದ್ರೇನು? ಆಕಿ ಹತ್ತರ ಇರಲಿಲ್ಲ, ಆಕಿದೇನ ಸಂಬಂಧ ಇಲ್ಲ ಅಂತ ಹೇಳಾಕ ನನಗ ಆಗಬೇಕಿತ್ತು. ಅದಕ್ಕ ದೂರ ಇಟ್ಟೆ."

ನಾನು ಕುಳಿತೆ. ಕೇಳಿದೆ, "ಅತ್ತೆ, ನೀವು ಅದನ್ನ ನಂಬ್ತೀರಾ?"

"ಯಾವುದನ್ನ, ನಕ್ಷತ್ರನ? ಹೌದನ್ನಾಕೂ ಬಾಯಿ ಬರವಲ್ದು, ಅಲ್ಲನ್ನಾಕೂ ಬರವಲ್ದು. ಮಂದಿ ಬಾಯಿ ನಂಬತೇನಿ. ಅದು ಕೊಲ್ಲೂದ ನಾ ಕಣ್ಣಾರೆ ಕಂಡೇನಿ."

ಇದನ್ನು ಅವರು ಮಗನಿಗೂ ಹೇಳಿರಲಿಲ್ಲ. ಅವನಿಗೆ ಹೇಳಬೇಡವೆಂದು ನನಗೆ ಹೇಳಲೂ ಇಲ್ಲ. ಎರಡು ದಿನದ ನಂತರ ನಾನೇ ಅವನಿಗೆ ಹೇಳಿದೆ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡು, ಆಸ್ಪತ್ರೆಗೆ ಹೋಗಿ ತಾಯಿಯ ಪಕ್ಕ ಕುಳಿತ. ಅಲ್ಲಿ ಅವನು ಹರಕುಮುರುಕು ಕನ್ನಡದಲ್ಲಿ ಮಾತಾಡುತ್ತಿದ್ದ. ನಾನು ಬಾಗಿಲಿನಿಂದಲೇ ಹಿಂದಿರುಗಿದೆ.

ಮಾವನವರು ಚೇತರಿಸಿಕೊಂಡು ದಿಂಬಿಗೊರಗಿ ಕುಳಿತ ದಿನ ನನ್ನನ್ನು ಕಂಡೊಡನೆ ಕೇಳಿದರು, "ನಾಟಕಾ ಹ್ಯಾಂಗಾತು? ರಾಜಾ ಈ ಸಲಾನರೆ ತಪ್ಪಿಸಿಕೊಂಡನೇನು?"

"ನಾನು ನೋಡಲಿಲ್ಲ ಮಾವ. ನಿಮ್ಮ ಹಿಂದೆ ಓಡಿಬಂದೆ."

"ಛೇ ಛೇ. ಇಬ್ಬರದೂ ಟಿಕೆಟ್ ಹಾಳಾತಲ್ಲ." ಆಮೇಲೆ ದನಿ ತಗ್ಗಿಸಿದರು. "ಆಕಿ ನಿನಗ ಹೇಳಿದ್ಲಂತ. ಚಲೋ ಆತು. ನಾ ಹೇಳು ಹೇಳು ಅಂತ ಬಡಕೊಂಡೆ, ಕೇಳಲಿಲ್ಲ. ಊರ ಬಿಟ್ಟ ಬಂದ್ರ ಮುಗೀತು ಅಂತ ತಿಳದಿದ್ದೆ ನಾನು. ಸಮುದ್ರ ದಾಟಿದ್ರೂ ಮಂದಿ ಮಾತನ್ನ ಆಕಿ ಬಿಟ್ಟ ಬಂದಿರಲಿಲ್ಲ, ಕಟಗೊಂಡ ಬಂದಿದ್ಲು."

ಅವರನ್ನು ಮನೆಗೆ ಕಳಿಸುವ ದಿನ ಗಂಡನಿಗೆ ಆಫೀಸಿನಿಂದ ಬರಲಾಗಲಿಲ್ಲ. ಟ್ಯಾಕ್ಸಿ ಕರೆಯುತ್ತೇನೆ ಎಂದೆ. ಅತ್ತೆ ನನ್ನ ಕೈಯಲ್ಲಿದ್ದ ಕಾರಿನ ಕೀಲಿ ನೋಡಿ, "ಯಾಕ, ನಿನಗ ಬರಂಗಿಲ್ಲೇನು?" ಎಂದರು. ಹೀಗೆ ಮಾವನವರು ಮೊದಲ ಸಲ ನನ್ನ ಕಾರಿನಲ್ಲಿ ಕುಳಿತರು. ಅತ್ತೆ ಹಿಂದೆ ಕುಳಿತು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಲಾರಿಯೊಂದು ಪಕ್ಕದಲ್ಲಿ ಹಾದಾಗಲೆಲ್ಲ ಮಾವನವರ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಅವರು ಮಾತ್ರ ನಾನು ಗೇರು ಬದಲಿಸಿದ ಪ್ರತಿ ಸಲವೂ ಹಲ್ಲು ಕಚ್ಚಿ, "ಪಾಪದ್ದವಾ ಆ ಗೇರ್‌ಬಾಕ್ಸ್, ಸಾವಕಾಶ" ಎನ್ನುತ್ತಿದ್ದರು.

ಮುಂದಿನ ವರ್ಷ ನಾಟಿಂಗ್‌ಹ್ಯಾಮಿನ ಬೀಸ್ಟನ್ನಿನಲ್ಲಿ ವಿದ್ಯಾರ್ಥಿಗಳು ಅದೇ ನಾಟಕ ಆಡುತ್ತಿದ್ದಾರೆಂದು ತಿಳಿದು ನಾಲ್ವರೂ ಹೋದೆವು. ಅತ್ತೆಗೆ ಅದು ಮೊದಲ ಸಲ. ಮುಖವಾಡಗಳಿಲ್ಲದ, ಸಾದಾ ಬಟ್ಟೆಯ ಪ್ರದರ್ಶನ. ರಾಜನಿಗೆ ತನ್ನ ಹುಟ್ಟಿನ ಸತ್ಯ ಹೊರಗೆಳೆಯಬೇಕೆಂಬ ಹಟ. ಅವನಿಗಿಂತ ಮೊದಲೇ ರಾಣಿಗೆ ಎಲ್ಲ ಹೊಳೆದುಬಿಡುತ್ತದೆ. ಸಾಕು, ಇನ್ನು ಕೇಳಬೇಡ ಎಂದು ಅವನನ್ನು ಬೇಡಿಕೊಳ್ಳುತ್ತಾಳೆ. ಅವನು ಕೇಳುವುದಿಲ್ಲ. ಊರ ಹಿರಿಯರ ಮೇಳ ನೋಡುತ್ತಿದ್ದಂತೆ ಅವಳು ಸುಮ್ಮನೆ ಒಳಗೆ ಹೋಗಿಬಿಡುತ್ತಾಳೆ. ಅವಳು ಒಳಗೆ ನೇಣು ಹಾಕಿಕೊಂಡು ಪ್ರಾಣ ಬಿಟ್ಟಳೆಂದು ಆಮೇಲೆ ಒಬ್ಬ ಸೇವಕ ಬಂದು ಹೇಳುತ್ತಾನೆ.

ಹೊರಗೆ ಬಂದಾಗ ಮಾವನವರು ಎಂದಿನ ಹುರುಪಿನಲ್ಲಿದ್ದರು. "ನೋಡು, ಈ ಹುಡುಗ ರಾಜಾನ ಪಾರ್ಟ್ ಚಲೋ ಮಾಡಿದಾ. ಸಿಟ್ಟ ಅವನ ಮೈಯಾಗ ಐತಿ. ವಿಧಿ ಅಲ್ಲ, ನಾ ಮದ್ಲ ಹೇಳಿದ್ದಿಲ್ಲೇನು?"

ಗಂಡ ಒಪ್ಪಲಿಲ್ಲ. ಎಲ್ಲ ಬಾಗಿಲುಗಳೂ ಒಂದೇ ಕೋಣೆಗೆ ತೆರೆದರೆ ಸಿಟ್ಟು ಇದ್ದರೇನು, ಇಲ್ಲದಿದ್ದರೇನು ಎಂದು ವಾದಿಸಿದ. ಇಬ್ಬರೂ ನನ್ನ ಕಡೆ ತಿರುಗಿದರು, ವರ್ಷಗಟ್ಟಲೆ ಇದನ್ನೇ ಓದುತ್ತಿದ್ದವಳು ನಾನಲ್ಲವೇ. ನಾನು ಏನೋ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅತ್ತೆ ನಿಂತುಬಿಟ್ಟರು.

"ಆ ಹೆಣಮಗಳು ಒಳಗ ಹ್ವಾದ್ಲಲ್ಲ," ಎಂದರು. "ಅಷ್ಟ ಮಂದಿ ನಿಂತಿದ್ರು. ಮಾತನೂ ಆಡದ ಹ್ವಾದ್ಲು ಅಂತ ಅವರವರ ಮಾತಾಡಿಕೊಂಡ್ರು. ಒಬ್ಬರರೆ ಆಕಿ ಹಿಂದ ಯಾಕ ಹೋಗಲಿಲ್ಲ?"

"ಅದು ಹಂಗ ಬರದಾರಲ್ಲ..." ಎಂದು ಮಾವ ಅರ್ಧಕ್ಕೆ ನಿಲ್ಲಿಸಿದರು.

"ಬರದಾರ, ಖರೆ. ಹೋಗಬೇಕಿತ್ತು," ಎಂದು ಅತ್ತೆ ಬ್ಯಾಗಿನಿಂದ ಶಾಲು ತೆಗೆದು ಹೊದ್ದುಕೊಂಡರು.

ಆ ವಾರ ನನಗೆ ಒಂದು ಕಡೆ ಕೂರಲಾಗಲಿಲ್ಲ. ರಾಜನಿಗೆ ಆಯ್ಕೆ ಇತ್ತೇ ಇಲ್ಲವೇ ಎಂದು ವರ್ಷಗಳಿಂದ ಕಟ್ಟಿದ್ದ ಅಧ್ಯಾಯ ಮುಂದಿಟ್ಟುಕೊಂಡು ಏಳುತ್ತಿದ್ದೆ, ಕೂರುತ್ತಿದ್ದೆ. ಅವನ ಆಯ್ಕೆಯ ಬಗ್ಗೆ ಅಷ್ಟು ಜನ ಅಷ್ಟು ಬರೆದಿದ್ದರು, ನಾನೂ ಬರೆದಿದ್ದೆ. ಸುತ್ತ ನಿಂತಿದ್ದ ಮೇಳಕ್ಕೆ, ಆ ಊರಿನ ಹಿರಿಯರಿಗೆ, ಎರಡು ಹೆಜ್ಜೆ ಒಳಗಿಡುವ ಆಯ್ಕೆ ಇತ್ತಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ಆ ಅಧ್ಯಾಯವನ್ನು ಪಕ್ಕಕ್ಕಿಟ್ಟು ಮೇಳದ ಬಗ್ಗೆ ಹೊಸದಾಗಿ ಬರೆಯತೊಡಗಿದೆ. ಮಾರ್ಗದರ್ಶಕರಿಗೆ ಮೊದಲು ಇದು ಹಿಡಿಸಲಿಲ್ಲ, ಸಂಶೋಧನೆ ಒಂದು ವರ್ಷ ಹಿಂದೆ ಬಿತ್ತು. ಮುಗಿಸಿದೆ.

ಮಾವನವರು ಈಗಲೂ ಬೆಳಿಗ್ಗೆ ಹೊಳೆಯ ದಂಡೆಗೆ ಹೋಗುತ್ತಾರೆ. ಕೆಲವು ದಿನ ನಾನೂ ಹೋಗುತ್ತೇನೆ, ಕೆಲವು ದಿನ ಅತ್ತೆಯೂ ಬರುತ್ತಾರೆ. ಊರಿನಿಂದ ಯಾರಾದರೂ ಫೋನು ಮಾಡಿ, ಸೊಸೆ ಹ್ಯಾಂಗ ಅದಾಳ ಎಂದು ಆ ಒಂದು ಬಗೆಯ ದನಿಯಲ್ಲಿ ಕೇಳಿದರೆ ಅತ್ತೆ ಮಾತು ಮುಂದುವರಿಸುವುದಿಲ್ಲ. ಫೋನನ್ನು ಸೀದಾ ನನ್ನ ಕೈಗೆ ಕೊಟ್ಟು, ಎದುರಿಗೇ ಕುಳಿತುಕೊಳ್ಳುತ್ತಾರೆ.

ನನ್ನ ಚಡಪಡಿಕೆ ಹೋಗಿದೆ ಎಂದು ಹೇಳಲಾರೆ. ಮಾವ ಕೆಮ್ಮಿದರೆ ಈಗಲೂ ತಿರುಗಿ ನೋಡುತ್ತೇನೆ. ನೋಡಿದ್ದನ್ನು ಅವರು ಗಮನಿಸುತ್ತಾರೆ, "ಇನ್ನೂ ಅದೀನವಾ" ಎನ್ನುತ್ತಾರೆ, ಬಿಟ್ಟ ವಾದವನ್ನು ಮತ್ತೆ ಹಿಡಿಯುತ್ತಾರೆ.